ತುಳಸಿ ಲಗ್ನದ ಮರುದಿನ

ತುಳಸಿ ಲಗ್ನ ನಿನ್ನೆ ಮುಗೀತು.
ಕಟ್ಟಿ ಸುತ್ತ ಕಬ್ಬಿನ ಸಿಪ್ಪಿ, ಅರ್ಧಾ ಕಡದ ನೆಲ್ಲಿಕಾಯಿ,
ಅಕ್ಕಿಕಾಳು ಹೆಕ್ಕಾಕ ಬಂದ ಗುಬ್ಬಿ ಎರಡ.
ಇನ್ನ ಎಳ್ಳಮಾಸಿ ತನಕ ಯಾವ ದೇವರೂ
ಬೆಟಗೇರಿಯ ಈ ಓಣ್ಯಾಗ
ನಮ್ಮ ಬಾಗಲಾ ಬಡಿಯೂದಿಲ್ಲ.

ಸೆರಗ ಸಿಗಿಸಿ ಅಟ್ಟದ ಏಣಿ ಹತ್ತೀನಿ.
ಕೆಳಗ ಫಕ್ಕೀರಪ್ಪ ಏಣಿ ಹಿಡದಾನ ಒಂದ ಕೈಲೆ,
ಇನ್ನೊಂದ ಕೈಯಾಗ ಪೇಪರ್.
"ಸಾವಕಾಶ" ಅಂತಾನ, ಪೇಪರಿಗೆ ಹೇಳಿದಂಗ.

ಮೊದಲ ಇಳದದ್ದು ಹ್ವಾದ ವರ್ಷದ ಆಕಾಶಬುಟ್ಟಿ,
ಬೆನ್ನೆಲುಬ ಮುರದದ್ದು.
ಅದರ ಹಿಂದ ಮಿಠಾಯಿ ಡಬ್ಬಿ.
ಡಬ್ಬ್ಯಾಗ ಡಬ್ಬಿ, ಅದರಾಗ ಇನ್ನೊಂದ ಡಬ್ಬಿ,
ಎಲ್ಲಾಕ್ಕಿಂತ ಒಳಗಿಂದ್ರಾಗ
ದಸರಾದ ಬನ್ನಿ ಎಲಿ, ಒಣಗಿ ಕಾಗದ ಆದದ್ದು.
ಬಂಗಾರ ಅಂತ ಕೊಟ್ಟದ್ದನ್ನ ಕಸಬರಗಿಲೆ ಹೆಂಗ ಗುಡಸೂದು?
ಯಾವ ವರ್ಷದ ಬಂಗಾರ ಅನ್ನೂದೂ ಗೊತ್ತಿಲ್ಲ.
ಕೆಳಗ ಒಗದೆ. ಫಕ್ಕೀರಪ್ಪನ ತಲಿ ಮ್ಯಾಲೆ ಬಿತ್ತು.
ಝಾಡಿಸಿಕೊಳ್ಳಲಿಲ್ಲ. ಸುದ್ದಿ ಓದಾಕ ಹತ್ತ್ಯಾನ.

ಮೆಹರುನ್ನಿಸಾನ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳದೈತಿ,
ಈದಿನ ಶಾವಿಗಿ ತಂದದ್ದು.
ಖಾಲಿ ಹೆಂಗ ಕೊಡೂದು? ಚಕ್ಕಲಿ ಹಾಕಿ ಕೊಡಬೇಕು.
ಹಾಕಿ ಕೊಟ್ಟರ ಅಕಿ ಮತ್ತ ತುಂಬಿಸಿ ಕಳಸ್ತಾಳ.
ಹಿಂಗ ಮೂರ ವರ್ಷದಿಂದ ಆ ಡಬ್ಬಿಗೆ
ಸ್ವಂತ ಮನಿ ಅಂತ ಇಲ್ಲ.

ಆಮ್ಯಾಲೆ ಟ್ರಂಕು. ಟ್ರಂಕ ತುಂಬ ಕುಬಸದ ಖಣ.
ಏಣಿ ಮ್ಯಾಲೆ ನಿಂತಲ್ಲೇ ಎಣಿಸಿದೆ: ನಲವತ್ತಮೂರು.
ಹಬ್ಬಕ್ಕ, ಲಗ್ನಕ್ಕ, ಮನಿ ಒಪನಿಂಗಿಗೆ, ಮಂಗಳವಾರದ ಉಡಿಗೆ
ಬಂದವು; ಹೋಗಬೇಕಾದವು.
ಎಂಬತ್ತ ಸೆಂಟಿಮೀಟರ್, ನನ್ನ ತೋಳಿಗೆ ಸಾಲೂದಿಲ್ಲ,
ಯಾರ ತೋಳಿಗೂ ಸಾಲೂದಿಲ್ಲ,
ಅದಕ್ಕ ಯಾರೂ ಹೊಲಸೂದಿಲ್ಲ, ಬರೇ ಕೊಡತಾರ.
ನೀಲಿ ಕಸ್ತೂರೆವ್ವ ಕೊಟ್ಟದ್ದು, ಅಕಿಗೇ ಹೊಳ್ಳಿ ಕೊಡಬಾರದು.
ಜಾಂಬಳ ಬಣ್ಣದ್ದು ಸೊಸೈಟಿ ಮ್ಯಾನೇಜರನ ಹೇಣ್ತಿದು,
ಅಕಿ ಕಡೆ ಇದಕ್ಕಿಂತ ಕೆಟ್ಟದ್ದು ಇರಲಿಲ್ಲೇನೋ.

ಎಲ್ಲಾಕ್ಕಿಂತ ಬುಡಕ ಒಂದ ಹಸರು.
ಗುಳೇದಗುಡ್ಡದ್ದು. ಮಡಿಕಿ ಬಿಚ್ಚಿಲ್ಲ.
ಬಿಚ್ಚಿದೆ.
ಒಳಗ ಅರಿಷಿಣದ ಕಲಿ, ಎರಡ ರೂಪಾಯಿ ನಾಣ್ಯ.
ನಾನೇ ಇಟ್ಟದ್ದು.
ಮೂಲ್ಯಾಗ ನನ್ನ ಹೊಲಿಗಿ ಮಿಷಿನ್ನಿನ ಎಣ್ಣಿ ಹನಿ,
ಅದು ಸುಳ್ಳ ಹೇಳೂದಿಲ್ಲ.

ರೋಣಕ್ಕ ಹೋದದ್ದು, ನರಗುಂದ ಹಾದು ಬಂತೋ,
ಮುಂಡರಗಿ ಕಡೆಯಿಂದ ಬಂತೋ,
ನನಗಿಂತ ಹೆಚ್ಚ ಊರ ನೋಡೇತಿ.
ಯಾವ ಶ್ರಾವಣದಾಗೋ ಯಾರೋ ನನ್ನ ಉಡ್ಯಾಗೇ ಹಾಕಿ
"ಭಾಳ ಚಲೋ ಐತಿ ನೋಡ್ರಿ" ಅಂದಿರಬೇಕು.
ನಾನೂ ನೋಡದನ ಟ್ರಂಕಿಗೆ ಒಗದಿರಬೇಕು.
ಹದಿನಾಲ್ಕ ವರ್ಷ, ಎಷ್ಟೋ ಟ್ರಂಕು,
ಎರಡ ರೂಪಾಯಿ ಹಂಗ ಐತಿ.

ಶಿವಗಂಗಾಗ ಕುಬಸ ಮಾಡಿದಾಗ ಕೊಟ್ಟದ್ದು.
ಫಕ್ಕೀರಪ್ಪನ ತಂಗಿ. ಏಳ ತಿಂಗಳು.
ಹಸರ ಬಳಿ, ಹಸರ ಸೀರಿ, ಐದ ನಮೂನಿ ಬುತ್ತಿ.
ಒಂಬತ್ತು ತುಂಬಲಿಲ್ಲ.
ಸೀರಿ ಏನ ಮಾಡಿದಳೋ, ಯಾರೂ ಕೇಳಲಿಲ್ಲ.
ಖಣ ಮಾತ್ರ ಯಾರಿಗೋ ದಾಟಿಸ್ಯಾಳ,
ನಗುನಗತಾನೇ ಕೊಟ್ಟಿರತಾಳ, ಅಕಿ ಹಂಗ.

ಓಣ್ಯಾಗ ದುರಗವ್ವ ಒದರಾಕ ಹತ್ತ್ಯಾಳ,
"ಹಳೇ ಅರಿವೀಗೆ ಹೊಸಾ ಭಾಂಡೇ..."
ಎರಡ ಪ್ಯಾಂಟು, ನಾಲ್ಕ ಅಂಗಿ, ಜರಿ ಹ್ವಾದ ಒಂದ ಸೀರಿ ಕೊಟ್ಟರ
ಒಂದ ಬೋಗಾಣಿ ಬರತೈತಿ.
ಬೋಗಾಣಿಗೆ ಮತ್ತ ಅಟ್ಟದಾಗ ಜಾಗಾ ಬೇಕು.

ಹಸರ ಖಣ ಹಿಡಕೊಂಡ ಕೆಳಗ ನೋಡಿದೆ.
ಇದನ್ನೇನ ಮಾಡಲಿ ಅಂತ ಕೇಳೂದಿತ್ತು.
ಪೇಪರ್ ನೆಲದ ಮ್ಯಾಲೆ ಬಿದ್ದೈತಿ, ಬನ್ನಿ ಎಲಿ ಜೋಡಿ.
ಫಕ್ಕೀರಪ್ಪ ಮ್ಯಾಲೆ ನೋಡವಲ್ಲ.
ಏಣಿ ಹಿಡದಾನ, ಎರಡೂ ಕೈಲೆ.